10 ನಿಮಿಷದಲ್ಲಿ 43 ಆಜ್ಞೆ: ನಾಲ್ಕು ವರ್ಷದ ಹುಡುಗನೊಬ್ಬನ ಅಪ್ಪ-ಅಮ್ಮ ಪಡೆದ ತರಬೇತಿ

ಈ ಹುಡುಗನನ್ನು ಮೊದಲ ಸಲ ನನ್ನ ಬಳಿ ಚಿಕಿತ್ಸೆಗೆ ಕರೆತಂದಾಗ ಅವನಿಗೆ 4 ವರ್ಷ 3 ತಿಂಗಳು. ಶಿಶುವಿಹಾರ ಸೇರಿ ಒಂಬತ್ತು ವಾರವಾಗಿತ್ತು. ಅಷ್ಟರಲ್ಲಿ ಆರು ಸಲ ಮನೆಗೆ ಫೋನ್ ಬಂದಿತ್ತು. ಕಥೆ ಹೇಳುವಾಗ ಎದ್ದು ಓಡುತ್ತಾನೆ, ಸಾಲಿನಲ್ಲಿ ನಿಲ್ಲುವುದಿಲ್ಲ, ಪಕ್ಕದ ಮಗುವಿನ ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುತ್ತಾನೆ, ಗೇಟು ತೆರೆದಿದ್ದರೆ ರಸ್ತೆಗೇ ಹೋಗಿಬಿಡುತ್ತಾನೆ. ಕೊನೆಯ ಫೋನಿನಲ್ಲಿ "ಎಲ್ಲಿಗಾದರೂ ತೋರಿಸಿ, ಆಮೇಲೆ ಕಳಿಸಿ" ಅಂದಿದ್ದರು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಒಂದೂವರೆ ವರ್ಷದ ತಂಗಿ. ಗುರುತು ಸಿಗಬಾರದೆಂದು ಇಲ್ಲಿ ಹಲವು ವಿವರಗಳನ್ನು ಬದಲಿಸಿದ್ದೇನೆ. ಇಂಥದ್ದೇ ತೊಂದರೆಯ ಬೇರೆ ಮನೆಗಳಲ್ಲಿ ನಡೆದದ್ದನ್ನೂ ಈ ಒಂದೇ ಮನೆಯ ಕಥೆಯೊಳಗೆ ಸೇರಿಸಿದ್ದೇನೆ.

ತಾಯಿ ಕೇಳಿದ ಮೊದಲ ಪ್ರಶ್ನೆ, "ನಾನೇನು ತಪ್ಪು ಮಾಡಿದೆ?" ತಂದೆ ಕೇಳಿದ್ದು, "ಇದಕ್ಕೆ ಮಾತ್ರೆ ಇದೆಯಂತಲ್ಲ, ಅದನ್ನೇ ಕೊಡಬಹುದಲ್ಲ?"

ತಾಯಿಯ ಪ್ರಶ್ನೆಗೆ ನೇರ ಉತ್ತರವಿದೆ. ಗಮನ ಕೊರತೆ ಮತ್ತು ಅತಿ ಚಟುವಟಿಕೆ, ಅಂದರೆ ಎಡಿಎಚ್‌ಡಿ, ಬೆಳೆಸಿದ ರೀತಿಯಿಂದ ಹುಟ್ಟುವುದಲ್ಲ. ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ, ಮಕ್ಕಳ ನಡುವೆ ಕಾಣುವ ಈ ವ್ಯತ್ಯಾಸದಲ್ಲಿ ಶೇ 74ರಷ್ಟು ಅನುವಂಶೀಯ. ಅಜ್ಜಿಗೆ ಸಿಹಿ ತಿನ್ನಿಸಿದ್ದರ ಮೇಲೆ ಅನುಮಾನವಿತ್ತು. ಸಕ್ಕರೆಯಿಂದ ಮಕ್ಕಳ ನಡವಳಿಕೆ ಕೆಡುವುದಿಲ್ಲ ಎಂಬುದು 1995ರಲ್ಲೇ, ಯಾರಿಗೆ ಸಕ್ಕರೆ ಕೊಟ್ಟಿದೆಯೆಂದು ಮನೆಯವರಿಗೂ ಗೊತ್ತಾಗದಂತೆ ನಡೆಸಿದ ಪ್ರಯೋಗಗಳ ವಿಶ್ಲೇಷಣೆಯಲ್ಲಿ ಕಂಡುಬಂದಿದೆ. ಅದನ್ನೂ ಹೇಳಿ, ಮೊದಲು ಅಪ್ಪ-ಅಮ್ಮನಿಗೆ ತರಬೇತಿ ಎಂದೆ. ತಾಯಿ ತಲೆಯಾಡಿಸಿದರು, ಆದರೆ ಒಪ್ಪಿದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ ಕೇಳಿದರು: "ತಪ್ಪು ನಮ್ಮದಲ್ಲ ಅಂದಮೇಲೆ ತರಬೇತಿ ನಮಗ್ಯಾಕೆ?"

ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ, ಕೇಳಲೇಬೇಕು. ನಾಲ್ಕು ವರ್ಷದ ಮಗು ನನ್ನ ಕೋಣೆಯಲ್ಲಿ ಕಲಿತದ್ದನ್ನು ಮನೆಗೆ ಹೊತ್ತೊಯ್ಯಲಾರದು. ಈ ಮಕ್ಕಳಿಗೆ ಏನು ಮಾಡಬೇಕೆಂದು ಬಹಳ ಸಲ ಗೊತ್ತಿರುತ್ತದೆ, ಆದರೆ ಮಾಡಬೇಕಾದ ಕ್ಷಣದಲ್ಲಿ ಅದು ಒದಗಿಬರುವುದಿಲ್ಲ. ಕೈ ಮುಂದೆ ಹೋಗಿರುತ್ತದೆ, ನೆನಪು ಹಿಂದೆ ಉಳಿದಿರುತ್ತದೆ. ಹಾಗಾಗಿ ನೆರವು ಸಿಗಬೇಕಾದದ್ದು ಶೂ ಹಾಕಿಕೊಳ್ಳುವ ಬಾಗಿಲಲ್ಲಿ, ತಂಗಿಯ ಆಟಿಕೆಗೆ ಕೈಹಾಕುವ ಆ ಗಳಿಗೆಯಲ್ಲಿ. ಅಲ್ಲಿರುವವರು ಅಪ್ಪ-ಅಮ್ಮ, ನಾನಲ್ಲ.

ಮಾತ್ರೆಯ ವಿಷಯಕ್ಕೂ ಸ್ಪಷ್ಟ ಉತ್ತರವಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ, 4 ತುಂಬಿ 6 ತುಂಬದ ಮಕ್ಕಳಿಗೆ ಮೊದಲು ಪೋಷಕರ ತರಬೇತಿ, ತರಗತಿಯಲ್ಲಿ ನಡವಳಿಕೆಯ ನೆರವು ಎಂದಿದೆ. ಅದರಿಂದ ಸಾಕಷ್ಟು ಗುಣ ಕಾಣದೆ ತೊಂದರೆ ತೀವ್ರವಾಗಿಯೇ ಉಳಿದರೆ ಮಾತ್ರ ಮೀಥೈಲ್‌ಫೆನಿಡೇಟ್ ಎಂಬ ಔಷಧದ ಬಗ್ಗೆ ಯೋಚಿಸಬಹುದು. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಇನ್ನೂ ಬಿಗಿ: 5 ವರ್ಷದೊಳಗಿನ ಮಗುವಿಗೆ ಎಡಿಎಚ್‌ಡಿ ತಜ್ಞರ ಎರಡನೆಯ ಅಭಿಪ್ರಾಯವಿಲ್ಲದೆ ಔಷಧವೇ ಬೇಡ. 2006ರಲ್ಲಿ ಪ್ರಕಟವಾದ, 303 ಪುಟ್ಟ ಮಕ್ಕಳ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲೂ ಔಷಧಕ್ಕೆ ಮೊದಲು ಪೋಷಕರಿಗೆ ತರಬೇತಿ ಕೊಟ್ಟಿದ್ದರು. ಆಮೇಲೆ ಕೊಟ್ಟ ಔಷಧ ಕೆಲಸ ಮಾಡಿತು, ಆದರೆ ಶಾಲೆಗೆ ಹೋಗುವ ಮಕ್ಕಳಲ್ಲಿ ಮಾಡುವಷ್ಟಲ್ಲ. ಸಿಡುಕು, ಅಳು, ನಿದ್ದೆಗೇಡಿನಂಥ ಅಡ್ಡಪರಿಣಾಮಗಳು ಹೆಚ್ಚಾಗಿ ಕಂಡವು. ಔಷಧವನ್ನು ನಾನು ದೂರುತ್ತಿಲ್ಲ. ಮುಂದೆ ಇವನಿಗೂ ಬೇಕಾಗಬಹುದು. ಸರದಿಯಲ್ಲಿ ಅದು ಮೊದಲನೆಯದಲ್ಲ, ಅಷ್ಟೆ.

ತಪಾಸಣೆಯನ್ನು ಚುಟುಕಾಗಿ ಹೇಳುತ್ತೇನೆ. ಕಿವಿ ಸರಿಯಿದೆ, ಮಾತು ವಯಸ್ಸಿಗೆ ತಕ್ಕಂತಿದೆ, ಗೊರಕೆಯಿಲ್ಲ, ರಕ್ತದಲ್ಲಿ ಕಬ್ಬಿಣಾಂಶ ಸಾಕಷ್ಟಿದೆ. ಶಿಕ್ಷಕಿ ತುಂಬಿದ ಪ್ರಶ್ನಾವಳಿಗೂ ಮನೆಯವರು ತುಂಬಿದ್ದಕ್ಕೂ ಹೊಂದಾಣಿಕೆಯಿತ್ತು. ಇದು ಮುಖ್ಯ, ಏಕೆಂದರೆ ಲಕ್ಷಣಗಳು ಒಂದೇ ಕಡೆ ಕಂಡರೆ ಸಾಲದು. ಎರಡು ಕಡೆಯಾದರೂ ಕಾಣಬೇಕು, ಆರು ತಿಂಗಳಾದರೂ ಇರಬೇಕು. ನಾಲ್ಕರ ವಯಸ್ಸಿನಲ್ಲಿ ಯಾವ ಮಗುವೂ ಹೇಳಿದಷ್ಟು ಹೊತ್ತು ಕೂರುವುದಿಲ್ಲ. ಅದಕ್ಕೆ ಕಡತದಲ್ಲಿ "ಸಾಧ್ಯತೆ ಬಲವಾಗಿದೆ, 6 ತುಂಬಿದ ಮೇಲೆ ಮತ್ತೆ ನೋಡುವುದು" ಎಂದು ಬರೆದೆ. ತರಬೇತಿ ಶುರುಮಾಡಲು ಆ ಹಣೆಪಟ್ಟಿ ಬೇಕಾಗಿಯೂ ಇರಲಿಲ್ಲ. ಒಂದು ವಿಷಯ ಮಾತ್ರ ಎದ್ದು ಕಂಡಿತು. ಈ ವಯಸ್ಸಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಇವನು ಮಲಗುತ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ, ಏಳುತ್ತಿದ್ದದ್ದು ಬೆಳಗ್ಗೆ ಏಳಕ್ಕೆ. ಹಗಲು ನಿದ್ದೆಯಿಲ್ಲ. ಮಲಗುವ ಹೊತ್ತನ್ನು ದಿನಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತಂದೆವು. ಟ್ಯಾಬ್ಲೆಟ್ ಮಲಗುವ ಕೋಣೆಯಿಂದ ಹೊರಗೆ ಹೋಯಿತು. ತರಬೇತಿಯ ಮೊದಲ ಕೆಲಸವೇ ಇದಾಯಿತು.

ಎಣಿಸಿದ ಹತ್ತು ನಿಮಿಷ

ಎರಡನೆಯ ಭೇಟಿಯಲ್ಲಿ ತಾಯಿ-ಮಗನನ್ನು ಆಟದ ಕೋಣೆಯಲ್ಲಿ ಬಿಟ್ಟು, "ಮನೆಯಲ್ಲಿ ಆಡುವ ಹಾಗೆ ಆಡಿ" ಎಂದು ಹೇಳಿ, ನಾನು ಮೂಲೆಯಲ್ಲಿ ಕಾಗದ ಹಿಡಿದು ಕೂತೆ. 10 ನಿಮಿಷದಲ್ಲಿ ತಾಯಿ ಕೊಟ್ಟ ಆಜ್ಞೆಗಳು 43. ಅಂದರೆ ಸುಮಾರು 14 ಸೆಕೆಂಡಿಗೊಂದು. "ಇಲ್ಲಿ ಬಾ." "ಅದು ಮುಟ್ಟಬೇಡ." "ಇದ್ಯಾವ ಬಣ್ಣ ಹೇಳು." "ನೆಟ್ಟಗೆ ಕೂತ್ಕೋ." "ಆಂಟಿಗೆ ತೋರಿಸು." ಒಂದಕ್ಕೆ ಅವನು ತಿರುಗಿ ನೋಡುವಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು. ಕೇಳಬೇಕೆಂದರೂ ಯಾವುದನ್ನು ಕೇಳಬೇಕು? ಹೊಗಳಿಕೆ ಒಂದೇ ಒಂದು: ಕೊನೆಯಲ್ಲಿ, "ಜಾಣ."

ಎಣಿಕೆಯ ಕಾಗದವನ್ನು ತಾಯಿಗೆ ತೋರಿಸುವುದೋ ಬೇಡವೋ ಎಂದು ನನಗೆ ಪ್ರತಿ ಸಲವೂ ಅಳುಕು. ಮೊದಲೇ ನೊಂದವರನ್ನು ಇನ್ನಷ್ಟು ನೋಯಿಸಬಹುದು. ತೋರಿಸಿದೆ, ಜೊತೆಗೆ ನನಗೆ ಅನ್ನಿಸಿದ್ದನ್ನೂ ಹೇಳಿದೆ. ಇಷ್ಟು ಆಜ್ಞೆ ಬರುವುದು ಸೋಮಾರಿ ತಾಯಿಯಿಂದಲ್ಲ. ಎರಡು ವರ್ಷದಿಂದ ಒಂದು ಕ್ಷಣ ಕಣ್ಣು ತೆಗೆಯದೆ ಮಗುವನ್ನು ಅಪಾಯದಿಂದ ಕಾಯ್ದವರಿಂದ ಮಾತ್ರ. ಅವರು ಬಹಳ ಹೊತ್ತು ಆ ಕಾಗದ ನೋಡಿ, "ಅವನ ಜೊತೆ ನಾನು ಮಾತೇ ಆಡಿಲ್ಲ" ಅಂದರು.

ತಂದೆಯದು ಬೇರೆ ಚಿತ್ರ. ಆಜ್ಞೆ ಒಂಬತ್ತೇ, ಆದರೆ ಜೋರು ದನಿಯಲ್ಲಿ. ಎರಡು ಸಲ ಆಟಿಕೆಯನ್ನು ಕೈಯಿಂದ ಕಿತ್ತರು. ಮೂರು ಸಲ ಆಟದ ನಡುವೆಯೇ ಅವರ ಗಮನ ಎಲ್ಲೋ ಹೊರಟುಹೋಯಿತು. ಇದನ್ನು ಬರೆದಿಟ್ಟುಕೊಂಡೆ, ಅರ್ಥ ಮಾಡಿಕೊಳ್ಳಲಿಲ್ಲ.

ಮನೆಯ ಬೆಳಗಿನ ಕಥೆಯನ್ನು ಅವರಿಂದಲೇ ಹಂತ ಹಂತವಾಗಿ ಹೇಳಿಸಿದೆ. ಅಮ್ಮ ಶೂ ಹಾಕಿಕೋ ಅನ್ನುತ್ತಾರೆ. ಅವನು ಓಡುತ್ತಾನೆ. ಮತ್ತೆ ಅನ್ನುತ್ತಾರೆ, ಮತ್ತೆ, ಆಮೇಲೆ ಕೂಗುತ್ತಾರೆ. ಅವನು ನೆಲಕ್ಕೆ ಬಿದ್ದು ಕಿರುಚುತ್ತಾನೆ. ಹೊತ್ತಾಗುತ್ತದೆಂದು ಅಮ್ಮನೇ ಹಿಡಿದು ಶೂ ತೊಡಿಸುತ್ತಾರೆ. ಗಲಾಟೆ ನಿಲ್ಲುತ್ತದೆ. ಇಲ್ಲಿ ಇಬ್ಬರಿಗೂ ಪಾಠವಾಯಿತು: ಕಿರುಚಿದರೆ ಆಜ್ಞೆ ಹೋಗುತ್ತದೆ ಎಂದು ಅವನಿಗೆ, ಕೈಬಿಟ್ಟರೆ ಕಿರುಚಾಟ ಹೋಗುತ್ತದೆ ಎಂದು ಅವರಿಗೆ. ನಾಳೆ ಇಬ್ಬರೂ ಅದನ್ನೇ ಇನ್ನಷ್ಟು ಬೇಗ ಮಾಡುತ್ತಾರೆ. ಜೆರಾಲ್ಡ್ ಪ್ಯಾಟರ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒರೆಗಾನ್‌ನಲ್ಲಿ ಕುಟುಂಬಗಳ ಮನೆಯೊಳಗೇ ನಡೆಸಿದ ವೀಕ್ಷಣೆಗಳಿಂದ ವಿವರಿಸಿದ ಸುಳಿ ಇದು. ಮಗುವಿನ ಚಡಪಡಿಕೆ ಹುಟ್ಟಿನಿಂದ ಬಂದದ್ದು, ಈ ಸುಳಿ ಹಾಗಲ್ಲ. ಅದು ಮನೆಯಲ್ಲಿ ದಿನದಿನವೂ ಹೊಸದಾಗಿ ಸುತ್ತಿಕೊಳ್ಳುತ್ತದೆ. ತರಬೇತಿ ಕೈಹಾಕುವುದು ಇದಕ್ಕೆ.

ಐದು ನಿಮಿಷ, ಪ್ರಶ್ನೆಯಿಲ್ಲದೆ

ನಾನು ಅನುಸರಿಸಿದ್ದು ಯಾವುದೋ ಒಂದು ಪದ್ಧತಿಯನ್ನಲ್ಲ. ಮೊದಲು ಸಂಬಂಧ, ಆಮೇಲೆ ಶಿಸ್ತು ಎಂಬ ಎರಡು ಹಂತದ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕಾನ್‌ಸ್ಟೆನ್ಸ್ ಹ್ಯಾನ್ಫ್ ರೂಪಿಸಿದರು. ಶೀಲಾ ಐಬರ್ಗ್ ಅವರ ಪೋಷಕ-ಮಗು ಚಿಕಿತ್ಸೆ, ಕ್ಯಾರೊಲಿನ್ ವೆಬ್‌ಸ್ಟರ್-ಸ್ಟ್ರಾಟನ್ ಅವರ ಗುಂಪು ತರಬೇತಿ ಎಲ್ಲವೂ ಆ ಬೇರಿನಿಂದ ಚಿಗುರಿದವು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಪುಟ್ಟ ಮಕ್ಕಳ ಎಡಿಎಚ್‌ಡಿಗೆಂದೇ ಕಟ್ಟಿದ ನ್ಯೂ ಫಾರೆಸ್ಟ್ ಕಾರ್ಯಕ್ರಮದಿಂದ ಕಾಯುವ ಆಟಗಳನ್ನು ತೆಗೆದುಕೊಂಡೆ.

ಮೊದಲ ಮನೆಗೆಲಸ ದಿನಕ್ಕೆ ಐದು ನಿಮಿಷದ ಆಟ. ಆಟ ಮಗುವಿನದು, ದೊಡ್ಡವರು ಅವನ ಹಿಂದೆ. ಆಜ್ಞೆ ಇಲ್ಲ, ತಿದ್ದುವುದಿಲ್ಲ, ಪ್ರಶ್ನೆಯೂ ಇಲ್ಲ. ಪ್ರಶ್ನೆ ಯಾಕೆ ಬೇಡ ಎಂದು ಎಲ್ಲರೂ ಬೆರಗಾಗುತ್ತಾರೆ. "ಇದ್ಯಾವ ಬಣ್ಣ?" ಎನ್ನುವುದು ಉತ್ತರ ಕೊಡು ಎಂಬ ಆಜ್ಞೆಯೇ, ವೇಷ ಬೇರೆ. ಅದು ಮಗುವನ್ನು ಅವನ ಯೋಚನೆಯಿಂದ ಎಬ್ಬಿಸಿ ನಮ್ಮ ಯೋಚನೆಗೆ ಎಳೆದು ತರುತ್ತದೆ. ಬದಲಿಗೆ ಅವನು ಮಾಡುತ್ತಿರುವುದನ್ನು ವೀಕ್ಷಕ ವಿವರಣೆಯ ಹಾಗೆ ಹೇಳುತ್ತಾ ಹೋಗಬೇಕು. "ನೀಲಿ ಬ್ಲಾಕ್ ಕೆಳಗಿಟ್ಟೆ... ಅದರ ಮೇಲೆ ಹಳದಿ... ಈಗ ಇನ್ನೂ ದೊಡ್ಡದು ಹುಡುಕ್ತಿದ್ದೀಯ." ಮೊದಲ ವಾರ ತಾಯಿಗೆ ಇದು ನಾಟಕದಂತೆ ಕಂಡಿತು. "ಕಲಿಸದೇ ಸುಮ್ಮನೆ ಆಡೋದು ಟೈಮ್ ವೇಸ್ಟ್ ಅಲ್ವಾ?" ಎಂದರು. ಹನ್ನೆರಡನೆಯ ದಿನ ಅವರಿಂದ ಸಂದೇಶ ಬಂತು: ಒಂದೇ ಬ್ಲಾಕ್ ಗೋಪುರದ ಮುಂದೆ ಏಳು ನಿಮಿಷ ಕೂತಿದ್ದಾನೆ. ಅಮ್ಮನ ವಿವರಣೆ ಅವನ ಗಮನಕ್ಕೆ ಆಸರೆಯಾಗಿ ನಿಲ್ಲುತ್ತದೆ ಎಂದು ನನ್ನ ನಂಬಿಕೆ. ಓಡಿಹೋಗಲಿದ್ದ ಮನಸ್ಸಿಗೆ, ನೀನು ಮಾಡುತ್ತಿದ್ದದ್ದು ಇದು ಎಂದು ಯಾರೋ ಮೆಲ್ಲಗೆ ನೆನಪಿಸುತ್ತಿದ್ದ ಹಾಗೆ.

ಹೊಗಳಿಕೆಯನ್ನೂ ಬದಲಿಸಿದೆವು. "ಜಾಣ", "ಗುಡ್ ಬಾಯ್", "ಬಂಗಾರ" ಇವೆಲ್ಲ ಪ್ರೀತಿಯ ಮಾತುಗಳು, ಇರಲಿ. ಆದರೆ ಯಾವುದಕ್ಕೆ ಜಾಣ ಎಂದು ಅವನಿಗೆ ತಿಳಿಯುವುದಿಲ್ಲ. "ಕರೆದ ತಕ್ಷಣ ತಿರುಗಿ ನೋಡಿದೆಯಲ್ಲ, ನಂಗೆ ಖುಷಿಯಾಯ್ತು" ಎಂದರೆ ತಿಳಿಯುತ್ತದೆ. ಅದೂ ಆ ಕ್ಷಣದಲ್ಲೇ ಬರಬೇಕು. ವಾರದ ಕೊನೆಗೆ ಸಿಗುವ ಬಹುಮಾನ ಈ ಮಕ್ಕಳ ಪಾಲಿಗೆ ಇಲ್ಲದ್ದಕ್ಕೆ ಸಮ.

ಆಜ್ಞೆಯ ವಿಷಯದಲ್ಲಿ ನಮ್ಮ ಭಾಷೆಯದೇ ಒಂದು ತೊಡಕಿದೆ. ಇದು ನನ್ನ ಅನುಭವದ ಮಾತು. ಕನ್ನಡದಲ್ಲಿ ನಿಷೇಧ ವಾಕ್ಯದ ಬಾಲದಲ್ಲಿರುತ್ತದೆ. "ಗೋಡೆ ಮೇಲೆ ಬರೀಬೇಡ" ಎಂದಾಗ ಗೋಡೆ ಮೊದಲು ಬಂತು, ಬರೆಯುವುದು ಆಮೇಲೆ ಬಂತು, "ಬೇಡ" ಬರುವಷ್ಟರಲ್ಲಿ ಇವನ ಕಿವಿ ಇನ್ನೆಲ್ಲೋ ಇದೆ. ಅದಕ್ಕೆ "ಬೇಡ" ಬಿಟ್ಟು ಬೇಕಾದದ್ದನ್ನೇ ಹೇಳುವ ಅಭ್ಯಾಸ ಮಾಡಿಸಿದೆ: "ಕಾಗದದ ಮೇಲೆ ಬರಿ." "ಓಡಬೇಡ" ಹೋಗಿ "ನನ್ನ ಕೈ ಹಿಡ್ಕೋ" ಬಂತು. "ಶೂ ಹಾಕ್ಕೋತೀಯಾ?" ಎಂದು ಕೇಳಿದರೆ "ಇಲ್ಲ" ಎನ್ನುವ ಹಕ್ಕು ಅವನಿಗಿದೆ, ಅವನು ಅದನ್ನು ಬಳಸುತ್ತಲೂ ಇದ್ದ. "ಸರಿಯಾಗಿರು" ಎಂದರೆ ಏನು ಮಾಡಬೇಕೆಂದು ನನಗೂ ಗೊತ್ತಾಗದು. ಹತ್ತಿರ ಹೋಗಿ, ಅವನ ಎತ್ತರಕ್ಕೆ ಬಗ್ಗಿ, ಒಂದೇ ಕೆಲಸ ಹೇಳಿ, ಮನಸ್ಸಿನಲ್ಲಿ ಐದು ಎಣಿಸುತ್ತಾ ಬಾಯಿ ಮುಚ್ಚಿಕೊಂಡಿರುವುದು. ಆ ಐದು ಸೆಕೆಂಡಿನ ಮೌನವನ್ನು ಕಲಿಯುವುದಕ್ಕೆ ತಾಯಿಗೆ ಮೂರು ವಾರ ಹಿಡಿಯಿತು.

ಅಪ್ಪನ ಖಾಲಿ ಹಾಳೆಗಳು

ನಾಲ್ಕು ವಾರದಲ್ಲಿ ತಂದೆ ಒಂದು ಭೇಟಿ ತಪ್ಪಿಸಿದ್ದರು, ಎರಡಕ್ಕೆ ತಡವಾಗಿ ಬಂದಿದ್ದರು. ಅಭ್ಯಾಸದ ಹಾಳೆ ಒಮ್ಮೆಯೂ ತುಂಬಿರಲಿಲ್ಲ. ನನ್ನ ಟಿಪ್ಪಣಿಯಲ್ಲಿ "ತಂದೆಗೆ ಆಸಕ್ತಿ ಕಡಿಮೆ" ಎಂದು ಬರೆದಿದ್ದೆ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ಐದನೆಯ ವಾರ ಅವರೊಬ್ಬರೇ ಬಂದರು. ಹಾಳೆ ಎಲ್ಲಿ ಎಂದು ಕೇಳಿದೆ. "ಕಾರಿನಲ್ಲಿದೆ. ಮೊದಲ ವಾರದ್ದೂ ಅಲ್ಲೇ ಇದೆ" ಎಂದರು. ಕೊಂಚ ಹೊತ್ತು ಸುಮ್ಮನಿದ್ದು, ತಾನೂ ಚಿಕ್ಕಂದಿನಲ್ಲಿ ತರಗತಿಗಿಂತ ಹೆಚ್ಚಾಗಿ ತರಗತಿಯ ಹೊರಗೆ ನಿಂತವನು ಎಂದರು. ಕೆಲಸ ನಾಲ್ಕು ಸಲ ಬದಲಾಗಿದೆ, ಬಿಲ್ಲು ಕಟ್ಟುವ ದಿನ ನೆನಪಿರುವುದಿಲ್ಲ, ಮಾತಿನ ನಡುವೆ ಮನಸ್ಸು ಎದ್ದು ಹೋಗುತ್ತದೆ. "ಅವನನ್ನು ನೋಡಿದ್ರೆ ನನಗೆ ಸಿಟ್ಟು ಬರೋದು ಅವನ ಮೇಲಲ್ಲ" ಎಂದರು. ದೊಡ್ಡವರಿಗಿರುವ ಪ್ರಶ್ನಾವಳಿಯಲ್ಲಿ ಅವರ ಅಂಕ ಮಗನದಕ್ಕಿಂತ ಹಿಂದಿರಲಿಲ್ಲ. ಅನುವಂಶೀಯತೆಯ ಲೆಕ್ಕವನ್ನು ಮೊದಲ ದಿನವೇ ಬಾಯಿತುಂಬ ಹೇಳಿದ ನಾನು, ಅದು ಎದುರಿಗೇ ಕೂತಿರುವುದನ್ನು ಕಾಣಲಿಲ್ಲ.

ಇದು ಅಪರೂಪದ ಸಂಗತಿಯೂ ಅಲ್ಲ. ನ್ಯೂ ಫಾರೆಸ್ಟ್ ತಂಡವೇ 2002ರಲ್ಲಿ ತೋರಿಸಿಕೊಟ್ಟಿತ್ತು: ತಾಯಿಯಲ್ಲೇ ಎಡಿಎಚ್‌ಡಿ ಲಕ್ಷಣ ಹೆಚ್ಚಿದ್ದರೆ ತರಬೇತಿಯಿಂದ ಮಗುವಿಗೆ ಸಿಗುವ ಲಾಭ ತೀರಾ ಕಡಿಮೆ. ಹಾಳೆ ತುಂಬಿಸುವ, ದಿನವೂ ಒಂದೇ ಹೊತ್ತಿಗೆ ಮಾಡುವ, ತಾಳ್ಮೆಯಿಂದ ಕಾಯುವ ಕೆಲಸವನ್ನು ಅದೇ ಕಷ್ಟವಿರುವವರ ಕೈಗೆ ಕೊಟ್ಟರೆ ಇನ್ನೇನಾದೀತು?

ಅಂದಿನಿಂದ ತಂದೆಯ ತರಬೇತಿಯೇ ಬೇರೆಯಾಯಿತು. ಹಾಳೆ ರದ್ದು. ವಾರಕ್ಕೆ ಒಂದೇ ಕೌಶಲ. ಉಪನ್ಯಾಸವಿಲ್ಲ, ಮಗನ ಜೊತೆ ಆಡುತ್ತಿರುವಾಗ ನಾನು ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳುವುದು: "ಈಗ ಹೇಳಿ, ಈಗಲೇ ಹೊಗಳಿ." ಫೋನಿನಲ್ಲಿ ಸಂಜೆ ಏಳಕ್ಕೆ ಅಲಾರಂ. ಹೊರಬಾಗಿಲ ಚೌಕಟ್ಟಿನಲ್ಲಿ, ಅವರ ಕಣ್ಣಿನ ಮಟ್ಟಕ್ಕೆ, ಮೂರು ಪದದ ಚೀಟಿ: ಹತ್ತಿರ, ಒಂದು, ಐದು. ವಾರದ ನಡುವೆ ಹತ್ತು ನಿಮಿಷದ ಫೋನ್ ಕರೆ. ಅವರ ಸ್ವಂತ ತಪಾಸಣೆಗೆ ವಯಸ್ಕರ ಮನೋವೈದ್ಯರೊಬ್ಬರಿಗೆ ಪತ್ರ ಬರೆದುಕೊಟ್ಟೆ. ಆಮೇಲೆ ಕಂಡದ್ದು ನನಗೆ ಇವತ್ತಿಗೂ ಸಂತೋಷ ಕೊಡುತ್ತದೆ. ಆ ಮನೆಯಲ್ಲಿ ಮಗನ ವೇಗಕ್ಕೆ ಸಮನಾಗಿ ಓಡಬಲ್ಲವರು ಅವರೊಬ್ಬರೇ. ನೆಲದ ಮೇಲೆ ಉರುಳಾಡುತ್ತಲೇ ವೀಕ್ಷಕ ವಿವರಣೆ ಕೊಡುವ ಕಲೆ ಅವರಿಗೆ ತಾನಾಗಿ ಬಂತು. "ನಿಲ್ಲು ಅಂದಾಗ ನಿಂತೆ!" ಎಂದು ಅವರು ಕೂಗಿದರೆ ಹುಡುಗ ಮತ್ತೆ ನಿಲ್ಲುವುದಕ್ಕೆಂದೇ ಓಡುತ್ತಿದ್ದ.

ಕೆಟ್ಟುಹೋದ ಎರಡು ವಾರ

ಆರು ಮತ್ತು ಏಳನೆಯ ವಾರ ಎಲ್ಲವೂ ಹಿಂದಕ್ಕೆ ಹೋಯಿತು. ಟ್ಯಾಬ್ಲೆಟ್‌ಗಾಗಿ ಮಾಡುವ ರಂಪಕ್ಕೆ ಗಮನ ಕೊಡದಿರುವುದು ಆ ವಾರದ ಪಾಠ. ಗಮನ ನಿಂತಾಗ ರಂಪ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ ಎಂದು ಹೇಳಿದ್ದೆ. ಎಷ್ಟು ಏರುತ್ತದೆಂದು ಹೇಳಿರಲಿಲ್ಲ. ಮೂರನೆಯ ದಿನ 25 ನಿಮಿಷ ಕಿರುಚಿದ ಮೇಲೆ ಅಜ್ಜಿ ಟ್ಯಾಬ್ಲೆಟ್ ಕೊಟ್ಟರು. ಅವರನ್ನು ದೂರಲಾರೆ. ತಂಗಿ ಹೆದರಿ ಅಳುತ್ತಿತ್ತು, ಅಜ್ಜಿಯನ್ನು ನಾನು ತರಬೇತಿಗೆ ಕರೆದೇ ಇರಲಿಲ್ಲ. 25 ನಿಮಿಷ ಕಿರುಚಿದರೆ ಸಿಗುತ್ತದೆ ಎಂದು ಅವನು ಕಲಿತ. ಅದೇ ವಾರ ಟೈಮ್-ಔಟ್ ಕುರ್ಚಿಯೂ, ಅಂದರೆ ತಪ್ಪು ಮಾಡಿದಾಗ ಯಾರೂ ಮಾತಾಡಿಸದೆ ಸ್ವಲ್ಪ ಹೊತ್ತು ಕೂರಿಸುವ ಕುರ್ಚಿಯೂ, ಕುಸ್ತಿಯ ಕಣವಾಯಿತು. ಅವನು ಏಳುವುದು, ಇವರು ಹಿಡಿದು ಕೂರಿಸುವುದು, ಅವನಿಗೆ ಅದೇ ಒಂದು ಆಟ.

ಟೈಮ್-ಔಟ್ ನಿಲ್ಲಿಸಿದೆ. ಅವನ ನಡವಳಿಕೆಗಳನ್ನೆಲ್ಲ ಮೂವರ ಜೊತೆ ಕೂತು ಎರಡು ಪಟ್ಟಿ ಮಾಡಿದೆವು: ಅವನಿಂದ ಆಗದ್ದು, ಅವನು ಒಲ್ಲದ್ದು. ಊಟದ ನಡುವೆ ಕಾಲು ಕುಣಿಸುವುದು, ಎದ್ದು ನಿಲ್ಲುವುದು, ಹೇಳಿದ್ದು ಮರೆಯುವುದು ಮೊದಲ ಪಟ್ಟಿಗೆ ಹೋದವು. ಅದಕ್ಕೆ ಶಿಕ್ಷೆಯೂ ಇಲ್ಲ, ಮುಖ ತಿರುಗಿಸುವುದೂ ಇಲ್ಲ. ವ್ಯವಸ್ಥೆ ಬದಲಾಗಬೇಕು, ನಿಂತುಕೊಂಡು ತಿಂದರೆ ತಿನ್ನಲಿ. ಹೊಡೆಯುವುದು, ಎಸೆಯುವುದು ಎರಡನೆಯದಕ್ಕೆ. ರಸ್ತೆಗೆ ಓಡುವುದು ಯಾವ ಪಟ್ಟಿಗೂ ಸೇರದು. ಅದಕ್ಕೆ ಗೇಟಿಗೆ ಎತ್ತರದಲ್ಲಿ ಚಿಲಕ. ಪಟ್ಟಿ ಮುಗಿದಾಗ ಗೊತ್ತಾಯಿತು, ಅಷ್ಟು ದಿನ ಮನೆಯವರು ಸಿಟ್ಟಾಗುತ್ತಿದ್ದದ್ದರಲ್ಲಿ ಬಹುಪಾಲು ಮೊದಲ ಪಟ್ಟಿಯದೇ. ಟೈಮ್-ಔಟ್ ಮತ್ತೆ ಬಂದದ್ದು ಒಂಬತ್ತನೆಯ ವಾರ, ಹೊಡೆದಾಗ ಮಾತ್ರ, ಮೂರು ನಿಮಿಷ, ಒಂದು ಮಾತೂ ಆಡದೆ. ಅಷ್ಟರಲ್ಲಿ ಅಪ್ಪ-ಅಮ್ಮನ ಜೊತೆಗಿನ ಹೊತ್ತು ಅವನಿಗೆ ಕಳೆದುಕೊಳ್ಳಲು ಇಷ್ಟವಿಲ್ಲದ ಹೊತ್ತಾಗಿತ್ತು. ಕುರ್ಚಿಗೆ ಅರ್ಥ ಬಂದದ್ದು ಆಗಲೇ.

ಕಾಯುವ ಆಟವನ್ನು ಅಜ್ಜಿಯೇ ವಹಿಸಿಕೊಂಡರು. ಮುಷ್ಟಿಯೊಳಗೆ ಸ್ಟಿಕರ್, ಹತ್ತು ಎಣಿಸುವವರೆಗೆ ಕಾಯಬೇಕು. ಆಮೇಲೆ ಹದಿನೈದು, ಇಪ್ಪತ್ತು. ಎರಡು ತಿಂಗಳಲ್ಲಿ ಒಂದು ನಿಮಿಷಕ್ಕೆ ಬಂದ. ಶಿಶುವಿಹಾರಕ್ಕೆ ಒಮ್ಮೆ ಹೋಗಿ ಬಂದೆ. ಶಿಕ್ಷಕಿ ಅವನನ್ನು ಕಥೆಯ ಹೊತ್ತಿಗೆ ತಮ್ಮ ಪಕ್ಕ ಕೂರಿಸಿಕೊಂಡು ಪುಟ ತಿರುಗಿಸುವ ಕೆಲಸ ಕೊಟ್ಟರು, ದಿನಕ್ಕೊಂದು ಒಳ್ಳೆಯ ಸಂಗತಿ ಬರೆದು ಕಳಿಸಲು ಒಪ್ಪಿದರು.

ಹನ್ನೆರಡನೆಯ ವಾರ ಮತ್ತೆ ಅದೇ ಕೋಣೆ, ಅದೇ 10 ನಿಮಿಷ. ತಾಯಿಯ ಆಜ್ಞೆಗಳು 11, ಅವುಗಳಲ್ಲಿ ಅವನು ಕೇಳಿದ್ದು 8. ಯಾವುದಕ್ಕೆಂದು ಹೆಸರಿಟ್ಟು ಹೊಗಳಿದ್ದು 9 ಸಲ. ಹಿಂದಿನ ಐದು ವಾರದಲ್ಲಿ ಶಿಶುವಿಹಾರದಿಂದ ಬಂದ ಫೋನ್ ಒಂದು. ಪ್ರಶ್ನಾವಳಿಯಲ್ಲಿ ಹಠ, ರಂಪ, ಹೊಡೆತದ ಅಂಕಗಳು ಚೆನ್ನಾಗಿ ಇಳಿದಿದ್ದವು. ಚಡಪಡಿಕೆಯ ಅಂಕ ಮನೆಯವರ ಲೆಕ್ಕದಲ್ಲಿ ಸ್ವಲ್ಪ ಇಳಿದಿತ್ತು, ಶಿಕ್ಷಕಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಈ ಕೊನೆಯ ಸಾಲನ್ನು ಮುಚ್ಚಿಡುವುದು ಸರಿಯಲ್ಲ. 2013 ಮತ್ತು 2014ರಲ್ಲಿ ಬಂದ ಎರಡು ದೊಡ್ಡ ವಿಶ್ಲೇಷಣೆಗಳೂ ಇದನ್ನೇ ಹೇಳುತ್ತವೆ. ತರಬೇತಿ ಆಗಿದೆಯೆಂದು ತಿಳಿಯದವರು ಅಳೆದಾಗ ಎಡಿಎಚ್‌ಡಿಯ ಮೂಲ ಲಕ್ಷಣಗಳ ಮೇಲಿನ ಪರಿಣಾಮ ಕರಗಿಹೋಗುತ್ತದೆ. ಉಳಿಯುವುದು ಪೋಷಕರ ನಡೆಯಲ್ಲಾದ ಬದಲಾವಣೆ ಮತ್ತು ಮಗುವಿನ ಹಠ-ಜಗಳ ಕಡಿಮೆಯಾದದ್ದು. ಮಗು ಶಾಂತವಾಗಿ ಕೂರುತ್ತದೆ ಎಂದು ನಂಬಿಸಿ ತರಬೇತಿಗೆ ಕರೆಯುವುದು ಪೋಷಕರಿಗೆ ಮಾಡುವ ಅನ್ಯಾಯ. ಅವನು ಈಗಲೂ ಕಿಟಕಿ ಹತ್ತುತ್ತಾನೆ, ನೀರಿನ ಬಾಟಲಿ ಎಲ್ಲೋ ಮರೆತು ಬರುತ್ತಾನೆ. ಆದರೆ ಬೆಳಗ್ಗೆ ಆ ಮನೆಯಲ್ಲಿ ಯಾರೂ ಅಳುವುದಿಲ್ಲ.

ಆರು ತಿಂಗಳ ನಂತರ ಬಂದಾಗ ಅವನಿಗೆ 5 ತುಂಬಿತ್ತು. ನಡುವೆ ತಾಯಿಗೆ ಜ್ವರ ಬಂದ ಎರಡು ವಾರ ಐದು ನಿಮಿಷದ ಆಟ ನಿಂತಿತ್ತು, ರಂಪ ಮರಳಿತ್ತು, ಮತ್ತೆ ಶುರುಮಾಡಿದ ಮೇಲೆ ತಗ್ಗಿತ್ತು. ತಂದೆಯ ತಪಾಸಣೆ ಮುಗಿದು ಅವರಿಗೆ ಚಿಕಿತ್ಸೆ ನಡೆಯುತ್ತಿತ್ತು. ಇನ್ನು ಹೊಸ ಶಾಲೆ, ದೊಡ್ಡ ತರಗತಿ, ಉದ್ದದ ದಿನ. ಔಷಧದ ಪ್ರಶ್ನೆ ಅಲ್ಲಿ ಮತ್ತೆ ಏಳಬಹುದು ಎಂದು ಈಗಲೇ ಮಾತಾಡಿಕೊಂಡಿದ್ದೇವೆ. ಮುಂದಿನ ಭೇಟಿ ಶಾಲೆ ಶುರುವಾದ ಆರನೆಯ ವಾರಕ್ಕೆ. ಹೊಸ ಶಿಕ್ಷಕಿಗೆ ಒಂದು ಪುಟದ ಪತ್ರ ಬರೆಯಬೇಕೆಂದಾಗ ತಂದೆ, ತಾನೇ ಬರೆಯುತ್ತೇನೆಂದರು. ಮರುದಿನ ಫೋನಿನಲ್ಲಿ ಕರಡು ಕಳಿಸಿದರು. ಮೊದಲ ಸಾಲು ಹೀಗಿತ್ತು: "ಅವನನ್ನು ದೂರದಿಂದ ಕರೆದರೆ ಕೇಳಿಸುವುದಿಲ್ಲ. ದಯವಿಟ್ಟು ಹತ್ತಿರ ಹೋಗಿ."